ಗೋಡೆ ಮೇಲಿನ ನೀರಿನ ಗುರುತು

ವಿಯೆಟ್ನಾಂಗೆ ಹೋಗಿ ಬಂದವರೆಲ್ಲ ಹೊಯಿ ಆನ್‌ನ ಬಣ್ಣದ ಲಾಟೀನುಗಳ ಫೋಟೋ ಹಾಕುತ್ತಾರೆ. ನಾನೂ ಹಾಕಿದೆ. ನಿಜ ಹೇಳಬೇಕೆಂದರೆ ಸಂಜೆ ಹೊತ್ತು ಅಲ್ಲಿ ಕಾಲಿಡೋಕೆ ಜಾಗ ಇರಲ್ಲ. ಬೆಳಿಗ್ಗೆ ಆರಕ್ಕೆ ಹೋಗಿ, ಊರು ನಿಮ್ಮದೇ.

ಒಂದು ಕಾಲಕ್ಕೆ ಜಪಾನಿನವರು, ಚೀನಾದವರು ಬಂದು ವ್ಯಾಪಾರ ಮಾಡುತ್ತಿದ್ದ ದೊಡ್ಡ ಬಂದರು ಇದು. ಆಮೇಲೆ ತು ಬೊನ್ ನದಿಯಲ್ಲಿ ಹೂಳು ತುಂಬಿತು. ದೊಡ್ಡ ಹಡಗುಗಳು ದಾನಾಂಗ್ ಕಡೆ ಹೊರಟವು, ದುಡ್ಡೂ ಅವುಗಳ ಹಿಂದೆ ಹೋಯಿತು. ಹಳೇ ಮನೆ ಕೆಡವಿ ಹೊಸದು ಕಟ್ಟೋ ತಾಕತ್ತು ಯಾರಿಗಿತ್ತು? ಹಾಗಾಗಿ ಊರು ಉಳಿಯಿತು. ಯುನೆಸ್ಕೋ ಪಟ್ಟಿಗೆ ಸೇರಿದ್ದು 1999ರಲ್ಲಿ.

ನಾನು ಜಾಸ್ತಿ ಹೊತ್ತು ನಿಂತಿದ್ದು ತಾನ್ ಕಿ ಅನ್ನುವ ವ್ಯಾಪಾರಿ ಮನೆಯಲ್ಲಿ. ಇನ್ನೂರು ವರ್ಷಕ್ಕೂ ಹಳೆಯದು. ಮುಂಬಾಗಿಲು ಬೀದಿಗೆ, ಹಿತ್ತಿಲ ಬಾಗಿಲು ನದಿಗೆ. ಸರಕು ಹಿಂದಿನಿಂದ ಒಳಗೆ, ಗಿರಾಕಿ ಮುಂದಿನಿಂದ. ನಡುವೆ ಆಕಾಶ ಕಾಣುವ ಅಂಗಳ, ಥೇಟ್ ನಮ್ಮ ತೊಟ್ಟಿ ಮನೆ. ಒಂದು ಗೋಡೆ ಮೇಲೆ, ನಾವು ಮಕ್ಕಳ ಎತ್ತರಕ್ಕೆ ಗುರುತು ಹಾಕ್ತೀವಲ್ಲ, ಹಾಗೆ ಒಂದರ ಮೇಲೊಂದು ಗುರುತು, ಪಕ್ಕದಲ್ಲಿ ಇಸವಿ. ಯಾವ ವರ್ಷ ನೆರೆ ಎಲ್ಲಿವರೆಗೆ ಬಂತು ಅನ್ನೋ ಲೆಕ್ಕ. 1964ರದ್ದನ್ನು ಕತ್ತೆತ್ತಿ ನೋಡಬೇಕು.

ಜಪಾನಿ ಸೇತುವೆ ದಾಟಿದರೆ ಫುಂಗ್ ಹುಂಗ್ ಮನೆ. (ಸೇತುವೆಯ ಒಂದು ತುದಿಗೆ ನಾಯಿ, ಇನ್ನೊಂದಕ್ಕೆ ಕೋತಿ ಕಾವಲು. 20,000 ಡಾಂಗ್ ನೋಟಿನ ಮೇಲೂ ಇದೇ ಸೇತುವೆ.) ಆ ಮನೆಯ ಮಾಳಿಗೆಯ ನೆಲದಲ್ಲೊಂದು ಕಿಂಡಿ. ನೀರು ಏರಿದರೆ ಸಾಮಾನನ್ನು ಅದರೊಳಗಿಂದ ಮೇಲಕ್ಕೆ ಎಳೆದುಕೊಳ್ಳುತ್ತಾರೆ.

ನಂಜನಗೂಡಿನ ನಮ್ಮಜ್ಜಿ ನೆನಪಾದರು. ಕಪಿಲೆ ಉಕ್ಕುವ ಸುದ್ದಿ ಬಂದರೆ ಮೊದಲು ಅಕ್ಕಿ ಡಬ್ಬ ಅಟ್ಟಕ್ಕೆ. "ಬಂದ್ಳು ಮಾರಾಯ್ತಿ. ಇನ್ನು ಅವಳು ಹೋಗೋವರ್ಗೂ ಮನೆ ಅವಳ್ದು, ನಾವೇ ನೆಂಟ್ರು" ಅನ್ನುತ್ತಿದ್ದರು, ಕಾಫಿ ಬೆರೆಸುತ್ತಾ.

ಅವತ್ತೇ ಅಮ್ಮನಿಗೆ ವಿಡಿಯೋ ಕಾಲ್ ಮಾಡಿ ಗೋಡೆ ತೋರಿಸಿದೆ. ಅಮ್ಮ ಗೋಡೆ ನೋಡಲೇ ಇಲ್ಲ.

"ಆ ಕಂಬ ಯಾವ ಮರದ್ದೋ?"

"ಹಲಸಂತೆ."

"ಅದಕ್ಕೇ ಮತ್ತೆ" ಅಂದಳು.