ಕೊರಿಯಾ ಟೌನ್‌ಗಿಂತ ಮೊದಲು ಉಟೊರೊ ನೋಡಿ

ಜಪಾನಿನ ಒಸಾಕಾಕ್ಕೆ ಹೋದವರು ಅಲ್ಲಿನ ಇಕುನೊ ಭಾಗದ ಕೊರಿಯಾ ಟೌನ್ ಬಿಟ್ಟು ಬರುವುದಿಲ್ಲ. ಪಾಪ್ ತಾರೆಯರ ಚಿತ್ರ, ಮುಖಕ್ಕೆ ಹಚ್ಚುವ ಕ್ರೀಮು, ಕಚ್ಚಿ ಎಳೆದರೆ ನೂಲಿನಂತೆ ಬರುವ ಚೀಸ್ ತಿಂಡಿ. ನನ್ನ ಸಲಹೆ: ಬೆಳಿಗ್ಗೆ ಉಟೊರೊ ನೋಡಿ, ಇಕುನೊ ಮಧ್ಯಾಹ್ನಕ್ಕಿರಲಿ.

ಉಟೊರೊ ಕೊರಿಯನ್ನರ ಹಳೆಯ ಕೇರಿ, ಕ್ಯೋಟೊ ಪಕ್ಕದ ಉಜಿ ನಗರದಲ್ಲಿದೆ. ಕ್ಯೋಟೊದಿಂದ ಕಿಂತೆತ್ಸು ರೈಲು ಹಿಡಿದು ಇಸೆದಾದಲ್ಲಿ ಇಳಿಯಬೇಕು. ಎಲ್ಲ ಕಡೆ ನಿಲ್ಲುವ ಗಾಡಿಯನ್ನೇ ಹತ್ತಿ. ನಾನು ಅವಸರದಲ್ಲಿ ಎಕ್ಸ್‌ಪ್ರೆಸ್ ಹತ್ತಿ, ಇಸೆದಾ ಕಿಟಕಿಯಾಚೆ ಸರಿದುಹೋದದ್ದನ್ನು ನೋಡುತ್ತ ಒಕುಬೊ ತಲುಪಿ ವಾಪಸು ಬಂದೆ. ಉಟೊರೊದ ಶಾಂತಿ ಸ್ಮಾರಕ ವಸ್ತುಸಂಗ್ರಹಾಲಯ ವಾರವಿಡೀ ತೆರೆದಿರುವುದಿಲ್ಲ, ಮೊದಲೇ ವಿಚಾರಿಸಿಕೊಳ್ಳಿ.

1940ರಲ್ಲಿ ಇಲ್ಲಿ ವಿಮಾನ ನಿಲ್ದಾಣದ ಕೆಲಸ ಶುರುವಾಯಿತು. ಆಗ ಕೊರಿಯಾ ಜಪಾನಿನ ವಸಾಹತು; ಸುಮಾರು 1,300 ಕೊರಿಯನ್ ಕೂಲಿಗಳು ದುಡಿದರು. 1945ರಲ್ಲಿ ಜಪಾನ್ ಸೋತಿತು, ಕೆಲಸ ನಿಂತಿತು. ಹೋಗಲು ದಾರಿಯಿಲ್ಲದವರು ಅದೇ ಕೂಲಿ ಶೆಡ್ಡುಗಳಲ್ಲಿ ಸಂಸಾರ ಹೂಡಿದರು. ಅಂಥ ಒಂದು ಶೆಡ್ಡನ್ನು ಸಂಗ್ರಹಾಲಯದ ಅಂಗಳಕ್ಕೆ ತಂದು ನಿಲ್ಲಿಸಿದ್ದಾರೆ. ಹಲಗೆ ಗೋಡೆಯ ಮುಂದೆ ನಿಂತಾಗ ಚಳಿಗಾಲದ ರಾತ್ರಿಗಳನ್ನು ಯಾರೂ ವಿವರಿಸಬೇಕಾಗಲಿಲ್ಲ. ಕೊಳಾಯಿ ನೀರು ಬಂದದ್ದು 1988ರಲ್ಲಂತೆ! ಮರುವರ್ಷವೇ ಜಾಗದ ಮಾಲೀಕರಿಂದ ಒಕ್ಕಲೆಬ್ಬಿಸುವ ದಾವೆ. 2000ದಲ್ಲಿ ಸುಪ್ರೀಂ ಕೋರ್ಟಿನಲ್ಲೂ ನಿವಾಸಿಗಳಿಗೆ ಸೋಲು. ಕೊನೆಗೆ ದೇಣಿಗೆ ಮತ್ತು ದಕ್ಷಿಣ ಕೊರಿಯಾ ಸರ್ಕಾರದ ಹಣದಿಂದ ಜಾಗದ ಒಂದು ಭಾಗ ಕೊಂಡು ಉಳಿದುಕೊಂಡರು. 2021ರಲ್ಲಿ ಒಬ್ಬ ಇಲ್ಲಿ ಬೆಂಕಿ ಹಚ್ಚಿದ. ಪ್ರದರ್ಶನಕ್ಕೆಂದು ಇಟ್ಟಿದ್ದ ವಸ್ತುಗಳೂ ಸುಟ್ಟವು. ಆದರೂ 2022ರಲ್ಲಿ ಸಂಗ್ರಹಾಲಯ ಬಾಗಿಲು ತೆರೆಯಿತು.

ಯುದ್ಧ ಮುಗಿದ ಮೇಲೆ ಇವರು ಊರಿಗೇಕೆ ಮರಳಲಿಲ್ಲ ಎಂದು ನನಗೂ ಅನ್ನಿಸಿತ್ತು. ಜಪಾನಿನಲ್ಲಿದ್ದ ಸುಮಾರು 20 ಲಕ್ಷ ಕೊರಿಯನ್ನರಲ್ಲಿ ಬಹುಪಾಲು ಮರಳಿದರು, 6 ಲಕ್ಷದಷ್ಟು ಉಳಿದರು. ಹೋಗುವವರು ಒಯ್ಯಬಹುದಾಗಿದ್ದದ್ದು ಬರೀ ಸಾವಿರ ಯೆನ್. 1948ರಲ್ಲಿ ಕೊರಿಯಾದ ಜೇಜು ದ್ವೀಪದಲ್ಲಿ ಹತ್ಯಾಕಾಂಡ ಶುರುವಾದಾಗ ಅಲ್ಲಿಂದಲೇ ಜನ ಒಸಾಕಾಕ್ಕೆ ಓಡಿಬಂದರು. ಇತ್ತ 1952ರಲ್ಲಿ ಜಪಾನ್ ಉಳಿದ ಕೊರಿಯನ್ನರ ಪೌರತ್ವ ಕಿತ್ತುಕೊಂಡಿತು. ಅತ್ತ ದರಿ, ಇತ್ತ ಪುಲಿ.

ಇಸೆದಾದಿಂದ ಯಾಮಾತೊ ಸೈದೈಜಿಯಲ್ಲಿ ಗಾಡಿ ಬದಲಿಸಿದರೆ ಒಸಾಕಾದ ತ್ಸುರುಹಾಶಿ ನಿಲ್ದಾಣ. ಇಳಿಯುವಾಗಲೇ ಸುಟ್ಟ ಮಾಂಸದ ಹೊಗೆ ಮೂಗಿಗೆ ಬಡಿಯುತ್ತದೆ. ಹಳಿಯ ಕೆಳಗಿನ ಗಲ್ಲಿಗಳು ಯುದ್ಧಾನಂತರದ ಕಾಳಸಂತೆಯಿಂದ ಬೆಳೆದವು. ಒಂದು ಅಂಗಡಿಯಲ್ಲಿ ಮದುವೆಯ ರೇಷ್ಮೆ ಉಡುಪು, ಪಕ್ಕದಲ್ಲೇ ಖಾರದ ಕೊರಿಯನ್ ಉಪ್ಪಿನಕಾಯಿ ಕಿಮ್ಚಿಯ ಕೆಂಪು ರಾಶಿ. ಮೊದಲು ಇಲ್ಲಿ ಸುತ್ತಿ, ಆಮೇಲೆ ಹದಿನೈದು ನಿಮಿಷ ನಡೆದು ಕೊರಿಯಾ ಟೌನ್ ಸೇರಿ. ಸುತ್ತಲಿನ ಪ್ರದೇಶದ ಹಳೆಯ ಹೆಸರು ಇಕಾಯಿನೊ. 1973ರಲ್ಲಿ ಅದನ್ನು ವಿಳಾಸಗಳಿಂದ ತೆಗೆದುಹಾಕಿದರು, ನಕ್ಷೆಯಲ್ಲಿ ಹುಡುಕಬೇಡಿ.

ಸಸ್ಯಾಹಾರಿಗಳೇ, ಎಲೆಕೋಸಿನ ಕಿಮ್ಚಿ ಎಂದು ಮೋಸಹೋಗಬೇಡಿ. ಹೆಚ್ಚಿನದರಲ್ಲಿ ಉಪ್ಪಿಗೆ ಹಾಕಿದ ಸೀಗಡಿ ಇಲ್ಲವೇ ಮೀನಿನ ರಸ ಇರುತ್ತದೆ. ಕೇಳಿಯೇ ಕೊಳ್ಳಿ. ಕೊಂಡರೆ ಎರಡು ಕವರ್ ಹಾಕಿಸಿ, ವಾಪಸು ರೈಲಿನಲ್ಲಿ ಪಕ್ಕದವರು ಎದ್ದು ಹೋಗದಿರಲಿ.