ಒಂದು ಲೋಡಿಗೆ ಎರಡು ಕಾಗದ

ಅಮೆರಿಕದಲ್ಲಿ ಸ್ವಂತ ಲಾರಿ ಇಟ್ಟುಕೊಂಡು ಬಾಡಿಗೆ ಹೊಡೆಯುವವರ ಬಾಯಲ್ಲಿ ಲೋಡ್ ಕೊಡಿಸುವ ಬ್ರೋಕರ್ ಮಾತು ಬಂದರೆ, ಕಮಿಷನ್ನಿಗಿಂತ ಕಾಗದದ ದೂರೇ ಹೆಚ್ಚು. ಪ್ರತಿ ಲೋಡಿಗೂ ಎರಡು ಕಾಗದ ಹುಟ್ಟುತ್ತವೆ. ಸರಕಿನ ಯಜಮಾನ ಬ್ರೋಕರ್‌ಗೆ ಎಷ್ಟು ಕೊಟ್ಟ ಅನ್ನುವುದು ಒಂದು. ಬ್ರೋಕರ್ ಲಾರಿಯವನಿಗೆ ಎಷ್ಟು ಕೊಡುತ್ತಾನೆ ಅನ್ನುವ ರೇಟ್ ಕನ್ಫರ್ಮೇಷನ್ ಇನ್ನೊಂದು. ಲಾರಿಯವನ ಕೈಗೆ ಬರುವುದು ಎರಡನೆಯದು ಮಾತ್ರ.

ಹಾಗಂತ ಕಾನೂನು ಇಲ್ಲವೇ ಅಂದರೆ, ಇದೆ. ಫೆಡರಲ್ ನಿಯಮ 371.3ರ ಪ್ರಕಾರ ಬ್ರೋಕರ್ ಪ್ರತಿ ವ್ಯವಹಾರದ ದಾಖಲೆಯನ್ನು ಮೂರು ವರ್ಷ ಇಟ್ಟುಕೊಳ್ಳಬೇಕು. ತನಗೆ ಎಷ್ಟು ಬಂತು, ಯಾರು ಕೊಟ್ಟರು, ಲಾರಿಗೆ ಯಾವತ್ತು ದುಡ್ಡು ಹೋಯಿತು ಎಲ್ಲವೂ ಅದರಲ್ಲಿರಬೇಕು. ವ್ಯವಹಾರದಲ್ಲಿ ಪಾಲುಗೊಂಡ ಯಾರಿಗಾದರೂ ಅದನ್ನು ನೋಡುವ ಹಕ್ಕಿದೆ. ಆದರೆ ಲೋಡ್ ಕೊಡುವ ಮೊದಲು ಸಹಿ ಹಾಕಿಸಿಕೊಳ್ಳುವ ಒಪ್ಪಂದದಲ್ಲಿ ‘371.3ರ ಹಕ್ಕನ್ನು ಬಿಟ್ಟುಕೊಟ್ಟಿದ್ದೇನೆ’ ಅನ್ನುವ ಒಂದು ಸಾಲು ಎಷ್ಟೋ ಸಲ ಇರುತ್ತದೆ. ಹದಿನೈದು ಇಪ್ಪತ್ತು ಪುಟದ ಕಾಗದದಲ್ಲಿ ಆ ಸಾಲು ಕಣ್ಣಿಗೆ ಬೀಳುವುದೇ ಕಷ್ಟ. ಕಣ್ಣಿಗೆ ಬಿದ್ದರೂ, ಸಹಿ ಹಾಕದಿದ್ದರೆ ಲೋಡ್ ಪಕ್ಕದವನಿಗೆ ಹೋಗುತ್ತದೆ. ಇನ್ನು ಕೆಲವರು ‘ನಮ್ಮ ಆಫೀಸಿಗೇ ಬಂದು ನೋಡಿಕೊಳ್ಳಿ’ ಅನ್ನುತ್ತಾರೆ. ಸಾವಿರಾರು ಮೈಲಿ ಆಚೆ ಇರುವ ಚಾಲಕ ಲಾರಿ ನಿಲ್ಲಿಸಿ ಹೋಗಿ ನೋಡುವುದು ಆಗುವ ಮಾತಲ್ಲ.

2020ರ ಮೇ ತಿಂಗಳಲ್ಲಿ ಬಾಡಿಗೆ ನೆಲಕಚ್ಚಿದಾಗ ಲಾರಿಯವರು ವಾಷಿಂಗ್ಟನ್ನಿನ ಕಾನ್ಸ್ಟಿಟ್ಯೂಷನ್ ಅವೆನ್ಯೂದಲ್ಲಿ ಸಾಲಾಗಿ ಲಾರಿ ನಿಲ್ಲಿಸಿ ವಾರಗಟ್ಟಲೆ ಕೂತರು. ಬ್ರೋಕರ್‌ಗೆ ಎಷ್ಟು ಬಂತು ಅನ್ನುವ ಆ ಕಾಗದ ತೋರಿಸಿ ಅನ್ನುವುದು ಅವರ ಮುಖ್ಯ ಬೇಡಿಕೆಗಳಲ್ಲಿ ಒಂದು. ಕೇಳಿದ 48 ಗಂಟೆಯೊಳಗೆ ದಾಖಲೆಯನ್ನು ಎಲೆಕ್ಟ್ರಾನಿಕ್ ರೂಪದಲ್ಲಿ ಕೊಡಬೇಕು ಅನ್ನುವ ಪ್ರಸ್ತಾವವನ್ನು ಸಾರಿಗೆ ಸುರಕ್ಷತಾ ಸಂಸ್ಥೆ ಎಫ್‌ಎಮ್‌ಸಿಎಸ್‌ಎ ಹೊರಡಿಸಿದ್ದು 2024ರ ನವೆಂಬರಿನಲ್ಲಿ.

ಬ್ರೋಕರ್ ಕಡೆಯ ಮಾತಿಗೂ ತೂಕವಿದೆ, ಅದನ್ನು ಬಿಟ್ಟರೆ ನ್ಯಾಯವಾಗದು. ಗಿರಾಕಿ ಹುಡುಕುವುದು, ಸರಕಿನವನು ದುಡ್ಡು ಕೊಡುವ ಮೊದಲೇ ಲಾರಿಯವನಿಗೆ ಕೊಡುವುದು, ಸರಕಿನವನು ಕೈ ಎತ್ತಿದರೆ ನಷ್ಟ ಹೊರುವುದು ಅವರ ಪಾಲು. ಲಾರಿ ಸಿಗದ ಕಾಲದಲ್ಲಿ ಸರಕಿನವನೊಡನೆ ಮೊದಲೇ ಒಪ್ಪಿಕೊಂಡ ದರಕ್ಕಿಂತ ಹೆಚ್ಚು ತೆತ್ತು ಕಳಿಸುವುದೂ ಉಂಟು. ಹಾಗಾಗಿ ಕಮಿಷನ್ನಿಗೆ ಮಿತಿ ಹಾಕಿ ಅನ್ನುವ ಬೇಡಿಕೆಗಿಂತ ಕಾಗದ ತೋರಿಸಿ ಅನ್ನುವ ಬೇಡಿಕೆಯೇ ನನಗೆ ಸರಿ ಕಾಣುತ್ತದೆ.

ಆದರೆ ಆ ಕಾಗದ ಸಿಕ್ಕಿದರೂ ಸಿಗುವುದು ಲೋಡ್ ಇಳಿಸಿದ ಮೇಲೆ. ಒಪ್ಪುವ ಮೊದಲು ಚಾಲಕನ ಕೈಯಲ್ಲಿರುವುದು ಅವನದೇ ಲೆಕ್ಕ, ಮತ್ತು ಆ ಲೆಕ್ಕ ತಪ್ಪುವುದು ಮೈಲಿಯಲ್ಲಿ ಅಳೆದಾಗ. ಅಟ್ಲಾಂಟಾದಿಂದ ಮಯಾಮಿಗೆ 660 ಮೈಲಿ, 1,800 ಡಾಲರ್ ಅಂತಿಟ್ಟುಕೊಳ್ಳಿ. ಮೈಲಿಗೆ 2.73, ನೋಡಲು ಚೆಂದ. ಲೋಡ್ ಇರುವಲ್ಲಿಗೆ 60 ಮೈಲಿ ಖಾಲಿ ಹೋಗಬೇಕು ಅಂದರೆ ಒಟ್ಟು 720, ದರ 2.50ಕ್ಕೆ ಇಳಿಯಿತು. ಗ್ಯಾಲನ್ನಿಗೆ ಆರೂವರೆ ಮೈಲಿ ಓಡುವ ಲಾರಿಗೆ 111 ಗ್ಯಾಲನ್ ಡೀಸೆಲ್; ಗ್ಯಾಲನ್ನಿಗೆ 4 ಡಾಲರ್ ಹಿಡಿದರೆ ಸುಮಾರು 443. ಟೈರು, ಆಯಿಲ್, ರಿಪೇರಿಗೆ ಮೈಲಿಗೆ 20 ಸೆಂಟ್ ತೆಗೆದಿಟ್ಟರೆ 144. ಬಿಲ್ಲನ್ನು ಫ್ಯಾಕ್ಟರಿಂಗ್ ಕಂಪನಿಗೆ ಕೊಟ್ಟು ಕೂಡಲೇ ದುಡ್ಡು ಪಡೆದರೆ, ಶೇ. 3ರಂತೆ 54. ಲಾರಿ ಕಂತು, ವಿಮೆ, ಟ್ರೇಲರ್ ಸೇರಿ ತಿಂಗಳಿಗೆ 4,000 ಅಂದರೆ, 22 ದಿನದ ಕೆಲಸಕ್ಕೆ ದಿನಕ್ಕೆ 182. ದಿನಕ್ಕೆ 11 ಗಂಟೆಗಿಂತ ಹೆಚ್ಚು ಓಡಿಸುವಂತಿಲ್ಲ, ಆದ್ದರಿಂದ ಇದು ಎರಡು ದಿನದ ಕೆಲಸ: 364. ಎಲ್ಲ ಕಳೆದು ಉಳಿದದ್ದು 795.

ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಫ್ಲೋರಿಡಾಕ್ಕೆ ಒಳಗೆ ಹೋಗುವ ಸರಕು ಹೆಚ್ಚು, ಹೊರಗೆ ಬರುವುದು ಕಡಿಮೆ. ಅಲ್ಲಿಂದ ಸಿಗುವ ಬಾಡಿಗೆ ಡೀಸೆಲ್ಲಿಗೂ ಸಾಲದಿದ್ದರೆ ಜಾಕ್ಸನ್‌ವಿಲ್ ತನಕ ಸುಮಾರು 350 ಮೈಲಿ ಖಾಲಿ ಬರಬೇಕು: ಡೀಸೆಲ್ 215, ಸವೆತ 70, ಇನ್ನೊಂದು ದಿನದ 182. ಈಗ ಉಳಿದದ್ದು 328. ಮೂರು ದಿನಕ್ಕೆ ಭಾಗಿಸಿದರೆ ದಿನಕ್ಕೆ 109 ಡಾಲರ್, ಅದೂ ತೆರಿಗೆಗೆ ಮೊದಲು. ನ್ಯಾಯವಾದ ಬಾಡಿಗೆ ಯಾವುದು ಅಂತ ಹೇಳುವುದು ಈ ಕೊನೆಯ ಅಂಕಿ.

ದಿನದ ಲೆಕ್ಕವನ್ನು ಕೆಡಿಸುವ ಇನ್ನೊಂದು ಜಾಗ ಡಾಕ್, ಅಂದರೆ ಸರಕು ಹತ್ತಿಸುವ, ಇಳಿಸುವ ಕಟ್ಟೆ. ಕೆಲಸ ಶುರುವಾದ 14 ಗಂಟೆಯ ನಂತರ ಲಾರಿ ಓಡಿಸುವಂತಿಲ್ಲ, ಮತ್ತು ಆ ಗಡಿಯಾರ ಸಾಮಾನ್ಯವಾಗಿ ಡಾಕ್‌ನಲ್ಲಿ ಕಾಯುವಾಗಲೂ ನಿಲ್ಲುವುದಿಲ್ಲ. ಐದು ಗಂಟೆ ಕಾದರೆ ಆ ದಿನಕ್ಕೆ ಉಳಿದದ್ದು ಒಂಬತ್ತು. ಮೊದಲ ಎರಡು ಗಂಟೆ ಪುಕ್ಕಟೆ, ಆಮೇಲೆ ಗಂಟೆಗೆ ಇಷ್ಟು ಅನ್ನುವುದು ವಾಡಿಕೆ. ಇದಕ್ಕೆ ಡಿಟೆನ್ಷನ್ ಅನ್ನುತ್ತಾರೆ. ಈ ದುಡ್ಡು ಕೈತಪ್ಪುವುದು ಬಹಳಷ್ಟು ಸಲ ಸಾಕ್ಷಿ ಇಲ್ಲದ್ದರಿಂದ. ಬಂದ ಹೊತ್ತು, ಹೊರಟ ಹೊತ್ತು ಎರಡನ್ನೂ ಬಿಲ್ ಆಫ್ ಲೇಡಿಂಗ್ (ಸರಕಿನ ಜೊತೆ ಹೋಗುವ ರಸೀದಿ) ಮೇಲೆ ಬರೆಸಿ ಡಾಕ್‌ನವರ ಸಹಿ ಪಡೆಯಬೇಕು. ಎರಡು ಗಂಟೆ ತುಂಬುವ ಮೊದಲೇ ಬ್ರೋಕರ್‌ಗೆ ಇಮೇಲ್ ಹೋಗಬೇಕು, ಏಕೆಂದರೆ ‘ಮೊದಲೇ ತಿಳಿಸದಿದ್ದರೆ ಇಲ್ಲ’ ಅನ್ನುವ ಷರತ್ತು ರೇಟ್ ಕನ್ಫರ್ಮೇಷನ್ನಿನಲ್ಲಿ ಆಗಾಗ ಇರುತ್ತದೆ. ಫೋನಿನಲ್ಲಿ ‘ನೋಡಿಕೊಳ್ಳೋಣ’ ಅಂದದ್ದನ್ನು ನಂಬಬೇಡಿ. ಡಿಟೆನ್ಷನ್ ಸೇರಿಸಿ ತಿದ್ದಿದ ಕನ್ಫರ್ಮೇಷನ್ ಬಂದ ಮೇಲೆಯೇ ಗೇಟ್ ದಾಟಿ ಹೊರಡಿ.

ಇದಕ್ಕಿಂತ ಅಪಾಯದ್ದು ಡಬಲ್ ಬ್ರೋಕರಿಂಗ್. ಲಾರಿ ಕಂಪನಿ ಅಂತ ಹೇಳಿಕೊಂಡು ಲೋಡ್ ಪಡೆದವನು ಅದನ್ನು ಗುಟ್ಟಾಗಿ ಇನ್ನೊಬ್ಬನಿಗೆ ದಾಟಿಸಿ, ದುಡ್ಡು ಬಂದ ಕೂಡಲೇ ಕಾಣೆಯಾಗುತ್ತಾನೆ. ಕನ್ಫರ್ಮೇಷನ್ನಿನಲ್ಲಿರುವ ಫೋನ್ ನಂಬರು ಎಫ್‌ಎಮ್‌ಸಿಎಸ್‌ಎ ದಾಖಲೆಯಲ್ಲಿರುವುದಕ್ಕೆ ತಾಳೆಯಾಗುತ್ತದೆಯೇ ನೋಡಿ, ದಾಖಲೆಯ ನಂಬರಿಗೇ ಕರೆ ಮಾಡಿ ಕೇಳಿ. ಡಾಕ್‌ನಲ್ಲಿ ಬಿಲ್ ಆಫ್ ಲೇಡಿಂಗ್ ಮೇಲೆ ಬೇರೆ ಲಾರಿ ಕಂಪನಿಯ ಹೆಸರಿದ್ದರೆ, ಬೇರೆ ಹೆಸರು ಹೇಳಿ ಒಳಗೆ ಹೋಗಿ ಅಂದರೆ, ಸರಕು ಹತ್ತಿಸಿಕೊಳ್ಳಲೇಬೇಡಿ.

ಬ್ರೋಕರ್ ದುಡ್ಡು ಕೊಡದೆ ಮುಚ್ಚಿಕೊಂಡರೆ ಉಳಿಯುವುದು ಅವನ ಬಾಂಡ್, ಅಂದರೆ ಇಂಥ ಬಾಕಿಗೆ ಅಂತ ಇನ್ನೊಂದು ಕಂಪನಿಯಿಂದ ಕೊಡಿಸಿದ ಜಾಮೀನು. 2013ರ ತನಕ ಅದು 10,000 ಡಾಲರ್ ಇತ್ತು, ಈಗ 75,000. ಮೊತ್ತ ದೊಡ್ಡದು ಅನ್ನಿಸಬಹುದು, ಆದರೆ ಅದು ಒಬ್ಬನಿಗಲ್ಲ, ಬಾಕಿ ಇರುವ ಎಲ್ಲರಿಗೂ ಸೇರಿ. ನೂರು ಜನಕ್ಕೆ ತಲಾ 3,000 ಬಾಕಿ ಇದ್ದರೆ ಕೈಗೆ ಬರುವುದು 750. ಬಾಂಡ್ ಕೊಟ್ಟ ಕಂಪನಿಯ ಹೆಸರು ಎಫ್‌ಎಮ್‌ಸಿಎಸ್‌ಎ ಜಾಲತಾಣದಲ್ಲಿ ಸಿಗುತ್ತದೆ. ಗಡುವು ದಾಟಿ ದುಡ್ಡು ಬರದಿದ್ದರೆ ಕನ್ಫರ್ಮೇಷನ್, ಸಹಿಯಾದ ಬಿಲ್ ಆಫ್ ಲೇಡಿಂಗ್, ನಿಮ್ಮ ಬಿಲ್ಲು ಮೂರನ್ನೂ ಜೋಡಿಸಿ ಅವರಿಗೆ ಕ್ಲೇಮ್ ಕಳಿಸಿ, ‘ಮುಂದಿನ ವಾರ ಕೊಡ್ತೀವಿ’ ಅನ್ನುವುದನ್ನು ಕೇಳುತ್ತಾ ಕೂರಬೇಡಿ.