ಎಂಟು ಅಕ್ಷರ ಇಪ್ಪತ್ನಾಲ್ಕಾದ ಕಥೆ

ನಿನ್ನೆ ರಾತ್ರಿ ಸುಮ್ನೆ ಒಂದು ಟೆಸ್ಟ್ ಸರ್ಟಿಫಿಕೇಟ್ (ವೆಬ್‌ಸೈಟ್‌ನಂಥವುಗಳ ಗುರುತು ಹೇಳುವ ಡಿಜಿಟಲ್ ಪತ್ರ) ಮಾಡಿದೆ. ಊರಿನ ಜಾಗದಲ್ಲಿ ‘ಬೆಂಗಳೂರು’ ಎಂದು ಕನ್ನಡದಲ್ಲೇ ಹಾಕಿದೆ. ಸರ್ಟಿಫಿಕೇಟ್ ತಯಾರಿಸಿದ ಓಪನ್‌ಎಸ್‌ಎಸ್‌ಎಲ್ ಸಾಫ್ಟ್‌ವೇರ್ ಚಕಾರ ಎತ್ತಲಿಲ್ಲ. ಸರ್ಟಿಫಿಕೇಟಿನ ತಪ್ಪು ಹುಡುಕುವ ಝಡ್‌ಲಿಂಟ್‌ಗೆ ಕೊಟ್ಟರೆ ಎರರ್: ಹೆಸರಿನಲ್ಲಿ ಕಂಟ್ರೋಲ್ ಅಕ್ಷರಗಳಿವೆ (ಕಣ್ಣಿಗೆ ಕಾಣದ, ಯಂತ್ರಕ್ಕೆ ಸೂಚನೆ ಕೊಡುವ ಸಂಕೇತಗಳು)!

ಎಲ್ಲಿಂದ ಬಂದವು? ಎಲ್ಲ ಲಿಪಿಗಳ ಅಕ್ಷರಗಳಿಗೂ ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ‘ಬೆಂಗಳೂರು’ 8 ಕೋಡ್‌ಗಳು (ಅಕ್ಷರ, ಸ್ವರಚಿಹ್ನೆ, ಸೊನ್ನೆ ಎಲ್ಲಕ್ಕೂ ಬೇರೆ ಬೇರೆ). ಆ ಕೋಡ್‌ಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಒಂದೊಂದಕ್ಕೆ 3 ಬೈಟ್, ಒಟ್ಟು 24. ನಾನು ಹೆಸರು ಯುಟಿಎಫ್-8ರಲ್ಲಿದೆ ಎಂದು ತಿಳಿಸುವ ‘-ಯುಟಿಎಫ್8’ ಆಯ್ಕೆ ಕೊಡುವುದನ್ನೇ ಮರೆತಿದ್ದೆ. ಹಾಗಾಗಿ ಓಪನ್‌ಎಸ್‌ಎಸ್‌ಎಲ್ ಪ್ರತಿ ಬೈಟನ್ನೂ ಒಂದೊಂದು ಲ್ಯಾಟಿನ್ ಅಕ್ಷರ ಎಂದುಕೊಂಡಿತು. ಸೊನ್ನೆಯ (ಂ) ಕೊನೆಯ ಬೈಟ್ 82, ಎತ್ವದ (ೆ) ಕೊನೆಯ ಬೈಟ್ 86 (ಎರಡೂ 16ರ ಲೆಕ್ಕದ ಹೆಕ್ಸ್ ಅಂಕಿಗಳು) ಕಂಟ್ರೋಲ್ ಕೋಡ್‌ಗಳ ಸಾಲಿಗೆ ಬಿದ್ದವು. ಪಾಪ, ಸೊನ್ನೆ ಏನು ಮಾಡಿತ್ತು!

ಆಯ್ಕೆ ಸೇರಿಸಿದೆ, ಆ ಎರರ್ ಹೋಯಿತು. ಉಳಿದದ್ದು ಒಂದು ಎಚ್ಚರಿಕೆ: ಸಂಸ್ಥೆಯ ಹೆಸರಿನ ಕೊನೆಯಲ್ಲಿ ಖಾಲಿ ಜಾಗವಿದೆಯಂತೆ. ವಾಟ್ಸಾಪ್‌ನಿಂದ ಕಾಪಿ ಮಾಡಿದ್ದೆ, ಅಲ್ವಾ.